ಹೊಲದ ಕೆಲಸಕ್ಕೆ ಎಂಥಾ ಬೂಟು?

ಎತ್ತಿನ ಗೊರಸು ಸವೆದರೆ ತಡ ಮಾಡದೆ ನಾಲ ಬಡಿಸುತ್ತೇವೆ. ಕುಂಟಿಯ ಕುಡ ಮೊಂಡಾದರೆ ಕಮ್ಮಾರನ ಹತ್ತಿರ ಒಯ್ದು ಹಣಿಸಿಕೊಂಡು ಬರುತ್ತೇವೆ. ಆದರೆ ಹೊಲ ಮಾಡುವವನ ಕಾಲಿಗೆ ಏನು ಬೇಕು ಅಂತ ಕೂತು ವಿಚಾರ ಮಾಡಿದವರು ನಮ್ಮಲ್ಲಿ ಕಡಿಮೆ. ಮಗ ಸಾಲಿಗೆ ಹಾಕಿ ಬಿಟ್ಟ ಬೂಟು, ಉಂಗುಷ್ಟ ಕಿತ್ತ ಹವಾಯಿ ಚಪ್ಪಲಿಗೆ ಒಂದು ಪಿನ್ನು, ಅದೂ ಇಲ್ಲಂದ್ರ ಬರಿಗಾಲು. ಹೆಣ್ಮಕ್ಕಳದಂತೂ ಬರಿಗಾಲೇ.

ನಮ್ಮದು ಖಾನಾಪುರ ತಾಲೂಕಿನ ಮೂಡಣ ಭಾಗ, ಬೀಡಿ ಹೋಬಳಿ. 5 ಎಕರೆ, ಅದರಲ್ಲಿ 3 ಎರಿ, 2 ಮಸಾರಿ. ಎಲ್ಲಾ ಮಳೆ ನಂಬಿದ್ದು. ಸೋಯಾ, ಶೇಂಗಾ, ಹಿಂಗಾರಿ ಜೋಳ, ಒಂದಿಷ್ಟು ಹತ್ತಿ. ಮಗಳನ್ನು ಕೊಟ್ಟದ್ದು ಜಾಂಬೋಟಿ ಆಚೆ. ಅಲ್ಲಿ ಭತ್ತ, ಗೋಡಂಬಿ, ಕಾಡು. ಒಂದೇ ತಾಲೂಕು ಅನ್ನೋದು ಹೆಸರಿಗೆ ಮಾತ್ರ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡೂದಿಲ್ಲ. ಅದೇ ವಾರ ನಮ್ಮ ಕಡೆ ಮೋಡ ನೋಡಿಕೊಂತ ಕೂತಿರ್ತೇವೆ. ನಾನು ಎರಡೂ ಕಡೆ ದುಡಿದಿದ್ದೇನೆ. ಆದ್ದರಿಂದ ಬೂಟಿನ ವಿಷಯದಲ್ಲಿ ಎರಡು ನಮೂನೆಯ ಭೂಮಿಯ ಲೆಕ್ಕವೂ ನನಗೆ ಸಿಕ್ಕಿತು. ಹನ್ನೊಂದು ವರ್ಷದಿಂದ ಕೊಂಡ ಪ್ರತಿ ಜೋಡಿನ ದರ, ತಂದ ತಿಂಗಳು, ಹರಿದ ತಿಂಗಳು ವಹಿಯಲ್ಲಿ ಬರೆದಿಟ್ಟಿದ್ದೇನೆ. ಬೀಜ ಗೊಬ್ಬರದ ಖರ್ಚು ಬರೆಯೂ ವಹಿ, ಅದರ ಹಿಂದಿನ ಹಾಳಿ.

ಕಾಲಿಗೆ ಏನೇನು ತ್ರಾಸು

ನಮ್ಮ ಕಡೆ ಮೊದಲ ವೈರಿ ಮುಳ್ಳು. ಬದುವಿನ ಮೇಲೆ ಜಾಲಿ, ಹಳ್ಳದ ದಂಡಿಗೆ ಬಳ್ಳಾರಿ ಜಾಲಿ, ಹೊಲದಾಗ ನೆಗ್ಗಿಲು. ಜಾಲಿ ಮುಳ್ಳು ಹವಾಯಿ ಚಪ್ಪಲಿಯನ್ನು ಬೆಣ್ಣೆ ದಾಟಿದಂತೆ ದಾಟುತ್ತದೆ. ಎರಡನೆಯದು ಕೂಳೆ. ಜೋಳ ಕೊಯ್ದ ಮೇಲೆ, ಹತ್ತಿ ಕಟಿಗಿ ಕಡಿದ ಮೇಲೆ ಓರೆಯಾಗಿ ಉಳಿದ ದಂಟು ಚೂರಿಯ ಹಾಗೆ ನಿಂತಿರ್ತದೆ. ಪಾದದ ಪಕ್ಕಕ್ಕೆ, ಕಣಕಾಲಿಗೆ ಬಡಿಯುತ್ತದೆ. ಚಪ್ಪಲಿ ಎಷ್ಟು ದಪ್ಪ ಇದ್ದರೂ ಅದಕ್ಕೆ ಉಪಯೋಗ ಇಲ್ಲ.

ಪಡುವಣ ಭಾಗದಲ್ಲಿ ನೀರು, ಕೆಸರು, ಜಾರಿಕೆ, ಇಂಬಳ. ದಿನವಿಡೀ ಗದ್ದೆ ನೀರಲ್ಲಿ ನಿಂತರೆ ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಕೊಳೆಯುತ್ತದೆ. ಅಲ್ಲಿಂದ ಇಲಿಜ್ವರದ ರೋಗಾಣು ಸುಲಭವಾಗಿ ಒಳಗೆ ಹೋಗುತ್ತದೆ. ಇಲಿಯ ಮೂತ್ರ ಬಿದ್ದ ನೀರು, ಗಾಯವಾದ ಕಾಲು, ಇವೆರಡೂ ಕೂಡಿದರೆ ಸಾಕು.

ಕಣ್ಣಿಗೆ ಕಾಣದ ಇನ್ನೊಂದು ಇದೆ, ಕೊಕ್ಕೆಹುಳು. ಬಯಲಿಗೆ ಹೋಗುವ ಜಾಗದ ಹಸಿ ಮಣ್ಣಿನಲ್ಲಿ ಅದರ ಮರಿ ಇರುತ್ತದೆ, ಅಂಗಾಲಿನ ಚರ್ಮದಿಂದಲೇ ಒಳಗೆ ಸೇರುತ್ತದೆ, ಕರುಳಿಗೆ ಹೋಗಿ ರಕ್ತ ಕುಡಿಯುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಬೆಳೆಯುವ ಬಡವರೂ ಒಂದು ಕಾಲಕ್ಕೆ ಇದರಿಂದ ಬಿಳಚಿಕೊಂಡು, ಮೈಗಳ್ಳರು ಅನ್ನಿಸಿಕೊಂಡಿದ್ದರು. 1909ರಲ್ಲಿ ರಾಕ್‌ಫೆಲ್ಲರ್ ಹಣದಿಂದ ಅಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಔಷಧ ಕೊಟ್ಟರು, ಪಾಯಿಖಾನೆ ಕಟ್ಟಿರಿ, ಕಾಲಿಗೆ ಬೂಟು ಹಾಕಿರಿ ಅಂದರು. ನಮ್ಮ ಹೆಣ್ಮಕ್ಕಳಿಗೆ ದವಾಖಾನೆಯಲ್ಲಿ "ರಕ್ತ ಕಡಿಮಿ ಐತಿ" ಅಂದಾಗೆಲ್ಲ ಊಟದ ಮಾತಷ್ಟೇ ಆಡ್ತೇವೆ, ಕಾಲಿನ ಕಡೆ ನೋಡೂದಿಲ್ಲ.

ಹಾವಿನ ಮಾತು ಬೇರೆ ಬರೆಯುತ್ತೇನೆ. ಮೊದಲು ಪ್ಯಾಟ್ಯಾಗ ಏನೇನು ಸಿಗ್ತದೆ, ಯಾವುದು ಯಾವ ಕೆಲಸಕ್ಕೆ ಅನ್ನೋದು.

ಟೈರ್ ಚಪ್ಪಲಿ, ಕೊಲ್ಹಾಪುರಿ

ಲಾರಿ ಟೈರಿನ ಚಪ್ಪಲಿಯನ್ನು ಈಗಿನ ಹುಡುಗರು ಹಾಕೂದಿಲ್ಲ, ನಾಚಿಕೆ. ನನ್ನ ವಹಿಯಲ್ಲಿ ಎಲ್ಲಕ್ಕಿಂತ ಸೋವಿ ಅದೇ. 200 ರೂಪಾಯಿಗೆ ಮಾಡಿಸಿದ್ದು 3 ವರ್ಷ ಆಯಿತು, ಇನ್ನೂ ಇದೆ. ತಿಂಗಳಿಗೆ 6 ರೂಪಾಯಿಯೂ ಬೀಳಲಿಲ್ಲ. ಟೈರಿನೊಳಗಿನ ನೂಲಿನ ಪದರು ಮುಳ್ಳನ್ನು ತಡೆಯುತ್ತದೆ. ಆದರೆ ಮಾಡಿಸುವಾಗ ತಂತಿ ಇರುವ ರೇಡಿಯಲ್ ಟೈರು ಬ್ಯಾಡ. ಸವೆದ ಮೇಲೆ ಉಕ್ಕಿನ ಎಳೆ ಹೊರಗೆ ಬಂದು ಕಾಲಿಗೇ ಚುಚ್ಚುತ್ತದೆ. ಒಣ ಬ್ಯಾಸಗಿಯಲ್ಲಿ, ದನ ಹೊಡ್ಕೊಂಡು ಹೋಗಲಿಕ್ಕೆ, ಬದುವಿನ ಕೆಲಸಕ್ಕೆ ಇದು ಸಾಕು. ಮಳೆಯಲ್ಲಿ ಒಳಗೆ ಕಾಲು ಜಾರುತ್ತದೆ, ಪಕ್ಕದಿಂದ ಬರುವ ಕೂಳೆಗೆ ತಡೆ ಇಲ್ಲ.

ಜಪಾನಿನ ಒಂದು ಸಂಗತಿ ಹೇಳಬೇಕು. ಅಲ್ಲಿ ಇಶಿಬಾಶಿ ಅನ್ನೋ ಮನೆತನದವರು 1923ರಲ್ಲಿ ಬಟ್ಟೆಯ ಬೂಟಿಗೆ ರಬ್ಬರ್ ತಳ ಹಚ್ಚಿ ಕೂಲಿಕಾರರಿಗೆ, ರೈತರಿಗೆ ಮಾರಲು ಶುರು ಮಾಡಿದರು. ಹೆಬ್ಬೆರಳು ಬೇರೆ, ಉಳಿದ ನಾಲ್ಕು ಬೆರಳು ಬೇರೆ ಇರುವ ಬೂಟು ಅದು. ಗದ್ದೆಯಲ್ಲಿ, ಏಣಿ ಮೇಲೆ ಹೆಬ್ಬೆರಳು ಊರಿ ನಿಲ್ಲಲಿಕ್ಕೆ ಅನುಕೂಲ. ಆ ರಬ್ಬರಿನ ಕಸುಬೇ ಬೆಳೆದು 1931ರಲ್ಲಿ ಬ್ರಿಜ್‌ಸ್ಟೋನ್ ಟೈರ್ ಕಂಪನಿ ಆಯಿತು. ಅವರು ಕೂಲಿಕಾರನ ಬೂಟಿನಿಂದ ಟೈರಿಗೆ ಹೋದರು. ನಾವು ಟೈರಿನಿಂದ ಚಪ್ಪಲಿ ಮಾಡಿಕೊಂಡೆವು!

ಕೊಲ್ಹಾಪುರಿ ಚಪ್ಪಲಿ ಅಂದರೆ ಕೊಲ್ಹಾಪುರದ್ದು ಅಷ್ಟೇ ಅಲ್ಲ, ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ಮಾಡಿದ್ದೂ ಅದೇ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ನಮೂನೆ ಚಪ್ಪಲಿ ತೋರಿಸಿ, ನಮ್ಮವರ ಹೆಸರು ಹೇಳಲಿಲ್ಲ ಅಂತ ದೊಡ್ಡ ಗದ್ದಲ ಆಯಿತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಆ ತೊಗಲು ಕಾಲಿಗೆ ತಂಪು, ಬೆವರು ಹೀರುತ್ತದೆ. ಆದರೆ ನೀರು ತಾಗಿದರೆ ನೆನೆದು ಉಬ್ಬುತ್ತದೆ. ಸಂತೆಗೆ, ಜಾತ್ರೆಗೆ, ಒಣ ಕಣಕ್ಕೆ ಅದು. ಮೃಗಶಿರಾ ಮಳೆ ಕೂಡುವ ಮೊದಲು ಔಡಲೆಣ್ಣಿ ತಿಕ್ಕಿ ಜಂತಿಗೆ ತೂಗುಹಾಕಿಬಿಡಬೇಕು.

ಗಂಬೂಟು

ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಎರಡೂ ದೋಷ ಹೋಗ್ತಾವೆ ಅನ್ನೋದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದ. ಆ ವಿದ್ಯೆ ಹಿಡಿದುಕೊಂಡು ಹಚಿನ್‌ಸನ್ ಅನ್ನೋ ಇನ್ನೊಬ್ಬ ಅಮೆರಿಕದವ 1853ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆ ಹಾಕಿದ. ಅಲ್ಲಿಯ ರೈತರು ಆಗ ಕಟ್ಟಿಗೆಯ ಜೋಡು ಹಾಕಿ ಕೆಸರಲ್ಲಿ ದುಡಿಯುತ್ತಿದ್ದರು. ಅವರಿಗಾಗಿ ಮಾಡಿದ್ದೇ ರಬ್ಬರ್ ಗಂಬೂಟು. ಅಂದರೆ ಇದು ಸಾಹುಕಾರರ ವಸ್ತು ಅಲ್ಲ, ಶುರುವಿನಿಂದಲೂ ರೈತರದೇ.

ಈಗ ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗೋದು ಪಿವಿಸಿ ಗಂಬೂಟು, ರಬ್ಬರಿನದು ಕಡಿಮೆ. ಗುರುತು ಹಿಡಿಯೂದು ಹೀಗೆ: ಪಿವಿಸಿ ಬೂಟನ್ನು ಅಚ್ಚಿನಲ್ಲಿ ಒಮ್ಮೆಗೇ ಎರೆದಿರುತ್ತಾರೆ. ಮುಂದೆ ಹಿಂದೆ ಅಚ್ಚಿನ ಗೆರೆ ಇರುತ್ತದೆ, ಹೊಳಪು ಹೆಚ್ಚು. ರಬ್ಬರಿನದು ತುಂಡು ತುಂಡು ಜೋಡಿಸಿದ್ದು. ಪಟ್ಟಿ ಪಟ್ಟಿ ಕಾಣುತ್ತದೆ, ಮೆತ್ತಗೆ ಬಾಗುತ್ತದೆ, ದರವೂ ಹೆಚ್ಚು. ಈ ಫರಕು ರಿಪೇರಿಗೆ ಬೇಕು. ರಬ್ಬರ್ ಬೂಟು ತೂತಾದರೆ ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಹಚ್ಚುವ ಪಂಕ್ಚರ್ ತೇಪೆಯೇ ಹಿಡಿಯುತ್ತದೆ. ಪಿವಿಸಿಗೆ ಅದು ಹಿಡಿಯೂದಿಲ್ಲ, ಎರಡು ದಿನಕ್ಕೆ ಕಿತ್ತು ಬರ್ತದೆ. ಪೈಪಿಗೆ ಹಚ್ಚುವ ಸೊಲ್ಯೂಶನ್ ಹಚ್ಚಿದರೆ ಅಂಟುತ್ತದೆ, ಆದರೆ ಬಿರುಸಾಗಿ, ಬಾಗುವ ಜಾಗದಲ್ಲಿ ಸೀಳುತ್ತದೆ. ಮಳೆಕೋಟು ಅಂಟಿಸುವ ಮೆತ್ತನ್ನ ಅಂಟು ಬೇಕು.

ನಾನು 420 ರೂಪಾಯಿಗೆ ತಂದ ಪಿವಿಸಿ ಜೋಡು 16 ತಿಂಗಳು ಬಂತು. ತಿಂಗಳಿಗೆ 26 ರೂಪಾಯಿ. ದನದ ಕೊಟ್ಟಿಗೆ, ತಿಪ್ಪಿ, ಹಸಿ ಹುಲ್ಲು ಕೊಯ್ಯುವುದು, ನೀರು ಹಾಯಿಸುವುದು, ಔಷಧ ಹೊಡೆಯುವುದು, ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕೆಸರುಗದ್ದೆಯಲ್ಲಿ ಭತ್ತ ನಾಟಿ ಮಾಡಲಿಕ್ಕೆ ಮಾತ್ರ ಬ್ಯಾಡ. ಕೆಸರು ಬೂಟನ್ನು ಹಿಡಿದುಕೊಂಡು ಕಾಲು ಅಷ್ಟೇ ಮೇಲೆ ಬರುತ್ತದೆ. ನಮ್ಮ ಅಳಿಯ ನಾಟಿಯ ದಿವಸ ಬರಿಗಾಲಲ್ಲಿ ಇಳಿದು, ಸಂಜೆ ಕಾಲು ತೊಳೆದು, ಬೆರಳ ಸಂದಿ ಒಣ ಅರಿವೆಯಿಂದ ಒರೆಸಿಕೊಂಡು ಕೊಬ್ಬರಿ ಎಣ್ಣಿ ಹಚ್ಚಿಕೊಳ್ಳುತ್ತಾನೆ. ಬದುವಿಗೆ, ಹುಲ್ಲಿಗೆ ಹೋಗುವಾಗ ಗಂಬೂಟು.

ಔಷಧ ಹೊಡೆಯುವಾಗ ಪ್ಯಾಂಟು ಬೂಟಿನ ಹೊರಗೆ ಇರಬೇಕು. ಒಳಗೆ ತೂರಿಸಿದರೆ ಮೈಮೇಲೆ ಬಿದ್ದ ಹನಿ ಇಳಿದು ಬೂಟಿನೊಳಗೇ ಕೂಡುತ್ತದೆ, ದಿನವಿಡೀ ಕಾಲು ಅದರಲ್ಲಿ ನೆನೆಯುತ್ತದೆ. ಹುಲ್ಲು, ಕಾಡು, ಇಂಬಳದ ಜಾಗಕ್ಕೆ ಹೋಗುವಾಗ ಇದಕ್ಕೆ ತಿರುಗಾಮುರುಗಾ, ಪ್ಯಾಂಟು ಒಳಗೇ ಇರಬೇಕು. ಬಟ್ಟೆಯ ಬೂಟು, ತೊಗಲಿನ ಬೂಟು ಔಷಧವನ್ನು ಹೀರಿಕೊಳ್ಳುತ್ತವೆ, ತೊಳೆದರೂ ಪೂರ್ತಿ ಹೋಗೂದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧ ಹೊಡೆದು 20ಕ್ಕೂ ಹೆಚ್ಚು ಮಂದಿ ಸತ್ತರು. ವಿಷ ಬಾಯಿಂದಷ್ಟೇ ಅಲ್ಲ, ಚರ್ಮದಿಂದಲೂ ಹೋಗ್ತದೆ.

ಇನ್ನೊಂದು. ಗಂಬೂಟು ಹಾಕಿದ್ದೇನೆ, ಕರೆಂಟು ಹಿಡಿಯೂದಿಲ್ಲ ಅಂತ ಹಸಿ ನೆಲದಲ್ಲಿ ಮೋಟರ್ ಪೆಟ್ಟಿಗೆಗೆ ಕೈ ಹಾಕುವವರಿದ್ದಾರೆ. ಹೊಲದ ಗಂಬೂಟನ್ನು ಅದಕ್ಕಾಗಿ ಪರೀಕ್ಷೆ ಮಾಡಿರೂದಿಲ್ಲ. ಫ್ಯೂಜು ತೆಗೆದೇ ಕೈ ಹಾಕಬೇಕು.

ಹಂಟರ್ ಬೂಟು, ಸೇಫ್ಟಿ ಶೂ

ದಪ್ಪ ಕ್ಯಾನ್ವಾಸಿನ ಮೇಲ್ಭಾಗ, ರಬ್ಬರಿನ ತಳ, ಕಣಕಾಲಿನ ಮೇಲಿನವರೆಗೆ ಲಾಡಿ. ಇದಕ್ಕೆ ನಮ್ಮಲ್ಲಿ ಹಂಟರ್ ಬೂಟು ಅಂತಾರೆ. ಹಗುರ, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಲು ಬರುತ್ತದೆ, ರಾತ್ರಿ ತೊಳೆದರೆ ನಾಳೆ ಒಣಗಿರ್ತದೆ. ದೋಷ ಒಂದೇ, ಬಟ್ಟೆ ಮತ್ತು ತಳ ಕೂಡುವ ಜಾಗದಲ್ಲಿ ಬೆರಳಿನ ಹತ್ತಿರ ಬಿಟ್ಟುಕೊಳ್ಳುತ್ತದೆ. 480 ರೂಪಾಯಿಯ ಮೊದಲನೆ ಜೋಡು 8 ತಿಂಗಳಿಗೆ ಬಾಯಿ ಬಿಟ್ಟಿತು, ತಿಂಗಳಿಗೆ 60 ಬಿತ್ತು. ಎರಡನೆಯದನ್ನು ತಂದ ದಿವಸವೇ ಮೋಚಿಯ ಹತ್ತಿರ 60 ರೂಪಾಯಿ ಕೊಟ್ಟು ಸುತ್ತಲೂ ದಪ್ಪ ದಾರದಲ್ಲಿ ಹೊಲಿಸಿದೆ. ಅದು 13 ತಿಂಗಳು ಬಂತು. ತಿಂಗಳಿಗೆ 41ರ ಮೇಲೆ ಸ್ವಲ್ಪ. ಹೊಸದಿದ್ದಾಗ ಹೊಲಿಸಬೇಕು. ಬಾಯಿ ಬಿಟ್ಟ ಮೇಲೆ ಒಳಗೆ ಮಣ್ಣು ಕೂತು ದಾರ ಕಡಿಯುತ್ತದೆ.

ಸೇಫ್ಟಿ ಶೂ ಅಂದರೆ ತೊಗಲಿನದು, ಮುಂದೆ ಬೆರಳಿನ ಮೇಲೆ ಉಕ್ಕಿನ ಟೋಪಿ. ಆ ಟೋಪಿಗೆ 200 ಜೂಲ್ ಪೆಟ್ಟು ತಡೆಯುವ ಪರೀಕ್ಷೆ ಇದೆ. ಜೂಲ್ ಅಂದರೆ ನಮಗೇನು ತಿಳೀತದೆ! ಸರಿಸುಮಾರು 20 ಕಿಲೊ ಕಲ್ಲು 1 ಮೀಟರ್ ಎತ್ತರದಿಂದ ಬಿದ್ದಷ್ಟು ಅಂತ ತಿಳಿದುಕೊಳ್ಳಿರಿ. ಪವರ್ ಟಿಲ್ಲರ್ ಓಡಿಸುವವರು, ಕಲ್ಲು ಹೊರುವವರು, ಮರ ಕಡಿಯುವವರು, ಎಮ್ಮಿ ಕಾಲು ತುಳಿಸಿಕೊಳ್ಳುವವರು ಹಾಕಲಿ. ಆದರೆ ಕಸ ತೆಗೆಯಲು ಕುಕ್ಕರಗಾಲಲ್ಲಿ ಕೂತರೆ ಬೆರಳು ಬಾಗುವ ಜಾಗಕ್ಕೆ ಆ ಟೋಪಿಯ ಅಂಚು ಒತ್ತಿ ಒಂದೇ ತಾಸಿಗೆ ಸಾಕು ಅನ್ನಿಸ್ತದೆ. ಪರದೇಶದ ರೈತ ನಿಂತು ಕೆಲಸ ಮಾಡುತ್ತಾನೆ, ನಾವು ಕೂತು ಮಾಡುತ್ತೇವೆ. ಅವರಿಗೆ ಒಳ್ಳೆಯದಾದದ್ದು ನಮಗೂ ಆಗಬೇಕಂತಿಲ್ಲ.

ನಮ್ಮ ಮುಳ್ಳಿಗೆ ಬೇಕಾದದ್ದು ಟೋಪಿಗಿಂತ ತಳದ ತಗಡು. ಶೂ ಮೇಲೆ ಎಸ್1ಪಿ ಅಥವಾ ಎಸ್3 ಅಂತ ಬರೆದಿದ್ದರೆ ತಳದಲ್ಲಿ ಮೊಳೆ ದಾಟದ ಪದರು ಇದೆ ಅಂತ ಅರ್ಥ. ಬರೀ ಎಸ್1 ಇದ್ದರೆ ಇಲ್ಲ. ಎಸ್3ಕ್ಕೆ ನೀರು ತಡೆಯುವ ಗುಣವೂ, ತಳಕ್ಕೆ ಹಲ್ಲೂ ಇರ್ತಾವೆ. ಆ ಪದರು ಉಕ್ಕಿನದೋ ಬಟ್ಟೆಯದೋ ಕೇಳಿರಿ. ಪರೀಕ್ಷೆ ಮಾಡೂದು ನಾಲ್ಕೂವರೆ ಮಿಲಿಮೀಟರ್ ದಪ್ಪದ ಮೊಳೆಯಿಂದ. ಜಾಲಿ ಮುಳ್ಳಿನ ತುದಿ ಅದಕ್ಕಿಂತ ಎಷ್ಟೋ ಸಣ್ಣ, ಬಟ್ಟೆಯ ಎಳೆಗಳ ನಡುವೆ ನುಸುಳಬಹುದು. ನಮಗೆ ಉಕ್ಕಿನದೇ ಪಾಡು. ನಾನು 1150ಕ್ಕೆ ತಂದದ್ದು 27 ತಿಂಗಳು ಬಂತು, ತಿಂಗಳಿಗೆ 43.

ಬೆಳಗಾವಿ ಪ್ಯಾಟ್ಯಾಗ

ಗಂಬೂಟು ಬೇಕಾದರೆ ರವಿವಾರ ಪೇಟೆಯ ಕಬ್ಬಿಣ ಸಾಮಾನು, ಕೃಷಿ ಸಾಮಾನಿನ ಅಂಗಡಿಗಳ ಕಡೆ ಹೋಗ್ರಿ. ಖಡೇಬಜಾರದ ಚಪ್ಪಲಿ ಅಂಗಡಿಗಳಲ್ಲಿ ಹೊಲದ ಬೂಟು ಕೇಳಿದರೆ ಮಾರ್ನಿಂಗ್ ವಾಕ್ ಬೂಟು ತೆಗೆದು ತೋರಿಸ್ತಾರೆ. ಸೇಫ್ಟಿ ಶೂಗೆ ಉದ್ಯಮಬಾಗದ ಕಡೆ ವಿಚಾರಿಸಬೇಕು. ಫೌಂಡ್ರಿ, ಮಶೀನ್ ಶಾಪಿನ ಕೆಲಸಗಾರರು ದಿನಾ ಹಾಕುವ ಮಾಲು ಅಲ್ಲಿ ಇರುತ್ತದೆ. ಖಾನಾಪುರದಿಂದ ಬರುವ ಬಸ್ಸು ಆ ಮೇಲೇ ಹೋಗ್ತದೆ. ಮರಾಠಾ ರೆಜಿಮೆಂಟಿನ ಊರಾದ್ದರಿಂದ ಕ್ಯಾಂಪಿನ ಸುತ್ತ ಮಿಲಿಟರಿ ನಮೂನೆಯ ಬೂಟೂ ಸಿಗುತ್ತಾವೆ. ಅಲ್ಲಿ ಸ್ವಲ್ಪ ಹುಷಾರಿ ಬೇಕು. ಒಮ್ಮೆ ಒಬ್ಬ ಹುಡುಗ "ಕಾಕಾ, ಇದು ಒರಿಜಿನಲ್ ಮಿಲ್ಟ್ರಿ ಮಾಲ್ ರೀ, ಹತ್ತು ವರ್ಷ ಹಾಕ್ರಿ" ಅಂದ. "ಆಗಲೆಪಾ, ತಯಾರಾಗಿ ಎಷ್ಟು ವರ್ಷ ಆತು ಅದನ್ನ ಹೇಳು" ಅಂದೆ. ಅವನಿಗೆ ಗೊತ್ತಿರಲಿಲ್ಲ. ತಳ ತಿರುವಿ ನೋಡಿದರೆ ಐದು ವರ್ಷದ ಹಿಂದಿನದು.

ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಈಗಿನ ಬಹಳಷ್ಟು ಬೂಟಿನ ತಳ ಪಿಯು ಅನ್ನೋ ಬುರುಗಿನಂಥ ವಸ್ತು. ಹಗುರ, ಮೆತ್ತಗೆ. ಆದರೆ ಗಾಳಿಯ ತೇವಕ್ಕೆ ಅದು ಒಳಗೊಳಗೇ ಕೆಡುತ್ತಾ ಹೋಗುತ್ತದೆ, ಹಾಕಿದರೂ ಹಾಕದಿದ್ದರೂ. ಕೆಲ ವರ್ಷ ಪೆಟ್ಟಿಗೆಯಲ್ಲೇ ಇದ್ದ ಹೊಸ ಬೂಟು ಹಾಕಿಕೊಂಡು ಹೊಲಕ್ಕೆ ಹೋದರೆ ಮಧ್ಯಾಹ್ನಕ್ಕೆ ತಳ ರೊಟ್ಟಿ ಮುರಿದಂತೆ ಮುರಿದು ಬೀಳ್ತದೆ. ಬಹಳ ತಳಗಳ ಮೇಲೆ ಗಡಿಯಾರದಂಥ ಸಣ್ಣ ಗುಂಡನ್ನ ಅಚ್ಚು ಇರುತ್ತದೆ. ಸುತ್ತ 1ರಿಂದ 12, ಬಾಣದ ಗುರುತು ತಿಂಗಳಿಗೆ, ನಡುವೆ ವರ್ಷ. ಅದನ್ನು ನೋಡಿಯೇ ಕೊಳ್ಳಿರಿ. ಮಳೆ ಜಾಸ್ತಿ ಇರುವ ಪಡುವಣದವರು ರಬ್ಬರ್ ತಳವನ್ನೇ ಕೇಳಿ ತಗೊಳ್ಳೋದು ಪಾಡು.

ಐಎಸ್‌ಐ ಗುರುತಿನ ಹತ್ತಿರ ಅಂಕಿ ಇರುತ್ತದೆ. ಪಿವಿಸಿ ಗಂಬೂಟಿಗೆ ಐಎಸ್ 12254, ರಬ್ಬರಿನದಕ್ಕೆ ಐಎಸ್ 5557, ಸೇಫ್ಟಿ ಶೂಗೆ ಐಎಸ್ 15298. ಸಿಎಂ/ಎಲ್ ಅಂತ ಶುರುವಾಗುವ ಲೈಸನ್ಸ್ ನಂಬರನ್ನು ಬಿಐಎಸ್ ಕೇರ್ ಅನ್ನೋ ಆ್ಯಪಿನಲ್ಲಿ ಹಾಕಿದರೆ ಖರೇನೋ ಸುಳ್ಳೋ ತಿಳೀತದೆ. ಮೊಮ್ಮಕ್ಕಳ ಕೈಗೆ ಕೊಟ್ಟರೆ ಒಂದು ನಿಮಿಷದ ಕೆಲಸ.

ಅಳತೆಗೆ ಮುಂಜಾನೆ ಹೋಗಬ್ಯಾಡ್ರಿ. ದುಡಿದ ಕಾಲು ಸಂಜೆಗೆ ಉಬ್ಬಿರ್ತದೆ. ನಾನು ಮಾಡೂದು ಹೀಗೆ: ಹಿಂದಿನ ಸಂಜೆ ರಟ್ಟಿನ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸಿಕೊಂಡು ಒಯ್ಯುತ್ತೇನೆ. ಎರಡು ಕಾಲೂ ಒಂದೇ ಅಳತೆ ಇರೂದಿಲ್ಲ, ದೊಡ್ಡದಕ್ಕೆ ತಗೋಬೇಕು. ದಪ್ಪ ಕಾಲುಚೀಲವನ್ನೂ ಒಯ್ದು ಹಾಕಿಕೊಂಡೇ ನೋಡಬೇಕು. ಅಂಗಡಿಯಲ್ಲಿ ನಿಂತು ನೋಡಿದರೆ ಸಾಲದು, ಕುಕ್ಕರಗಾಲಲ್ಲಿ ಕೂತು ಎದ್ದು ನೋಡಬೇಕು, ಯಾರು ನಕ್ಕರೂ ಸರಿ. ಬೂಟನ್ನು ಕೈಯಲ್ಲಿ ಬಾಗಿಸಿದರೆ ಬೆರಳಿನ ಬುಡದಲ್ಲಿ ಬಾಗಬೇಕು, ನಡು ಪಾದದಲ್ಲಿ ಮಡಚಬಾರದು. ಲಾಡಿಯ ಕೆಳಗಿನ ನಾಲಿಗೆ ಎರಡೂ ಬದಿಗೆ ಮೇಲಿನವರೆಗೂ ಹೊಲಿದಿರಬೇಕು, ಇಲ್ಲಂದ್ರ ಉತ್ತರಾಣಿ, ಹುಲ್ಲಿನ ಬೀಜ, ಮಣ್ಣು ಎಲ್ಲಾ ಒಳಗೆ.

ತಳದ ಹಲ್ಲಿನ ವಿಷಯದಲ್ಲಿ ತಾಲೂಕಿನ ಎರಡು ಭಾಗಕ್ಕೆ ಎರಡು ಉತ್ತರ. ಮಳೆ ಬಿದ್ದ ಎರಿ ಹೊಲದಲ್ಲಿ ಆಳ ಹಲ್ಲಿನ ಬೂಟು ಹಾಕಿದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಎರಡೆರಡು ಕಿಲೊ ಮಣ್ಣು ಕೂಡ್ತದೆ, ಆನೆ ಕಾಲು ಹೊತ್ತು ನಡೆದಂತೆ. ನಮಗೆ ಹಲ್ಲು ಗಿಡ್ಡ ಇರಬೇಕು, ನಡುವಿನ ಅಂತರ ಅಗಲ ಇರಬೇಕು. ಪಾಚಿ ಹಿಡಿದ ಬದು, ಜಂಬಿಟ್ಟಿಗೆ ಕಲ್ಲಿನ ಇಳಿಜಾರು ಇರುವ ಜಾಂಬೋಟಿ, ಕಣಕುಂಬಿ ಕಡೆ ಆಳ ಹಲ್ಲೇ ಬೇಕು.

ಹಾವು

ಮೂರು ವರ್ಷದ ಹಿಂದೆ ಸೋಯಾ ಕೊಯ್ಲಿನಲ್ಲಿ ನಮ್ಮ ಓಣಿಯ ಒಬ್ಬ ಹುಡುಗನಿಗೆ ಕಣಕಾಲಿನ ಹತ್ತಿರ ಕೊಳಕುಮಂಡಲ ಕಚ್ಚಿತು. ಕಾಲಲ್ಲಿ ಹವಾಯಿ ಚಪ್ಪಲಿ. ಬದುಕಿದ. ಆದರೆ ಮೂತ್ರಪಿಂಡ ಕೆಟ್ಟು ಎರಡು ವಾರ ಬೆಳಗಾವಿಯಲ್ಲಿ ರಕ್ತ ಶುದ್ಧಿ ಮಾಡಿಸಬೇಕಾಯಿತು. ಒಂದು ವರ್ಷದ ಸೋಯಾ ರೊಕ್ಕ ಅಲ್ಲಿಯೇ ಮುಗಿಯಿತು.

ಹಾವು ಕಚ್ಚೂದು ಹೆಚ್ಚಾಗಿ ಪಾದಕ್ಕೆ, ಮೊಳಕಾಲಿನ ಕೆಳಗೆ. ಗಂಬೂಟು ಹಾಕಿದರೆ ಹಲ್ಲು ತಾಗೂದೇ ಇಲ್ಲ ಅಂತ ಯಾರೂ ಬರೆದುಕೊಡೂದಿಲ್ಲ. ಆದರೆ ದಪ್ಪ ರಬ್ಬರು, ಅದರ ಒಳಗೆ ಸಡಿಲ ಜಾಗ, ಅದರ ಒಳಗೆ ಕಾಲುಚೀಲ, ಇಷ್ಟು ದಾಟಿ ಬರಬೇಕಲ್ಲ. ಕಾಲಿಗೆ ಅಂಟಿಕೊಂಡ ಬಿಗಿ ಬೂಟಿಗಿಂತ ಮೀನಖಂಡದ ಹತ್ತಿರ ಸ್ವಲ್ಪ ಸಡಿಲ ಇರುವ ಬೂಟು ಇದಕ್ಕೇ ಒಳ್ಳೆಯದು. ಕಟ್ಟುಹಾವು ಮಾತ್ರ ರಾತ್ರಿ ಮನೆಯೊಳಗೆ ನೆಲದ ಮೇಲೆ ಮಲಗಿದವರಿಗೆ ಕಚ್ಚುವುದು ಹೆಚ್ಚು. ಅದಕ್ಕೆ ಬೂಟಲ್ಲ, ಮಂಚ ಮತ್ತು ಸೊಳ್ಳೆಪರದೆ.

ಕಚ್ಚಿದರೆ ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಹೀರಬ್ಯಾಡ್ರಿ. ಕಾಲು ಅಲುಗಾಡಿಸದೆ ಇಟ್ಟು, ಕೂಡಲೇ ಬೂಟು, ಕಾಲುಂಗುರ ತೆಗೆದು (ಬಾವು ಬಂದ ಮೇಲೆ ತೆಗೆಯಲಿಕ್ಕೆ ಬರೂದಿಲ್ಲ), 108ಕ್ಕೆ ಫೋನ್ ಮಾಡಿ ಸರಕಾರಿ ದವಾಖಾನೆಗೆ ಒಯ್ಯಬೇಕು. 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರಕಾರ ಆದೇಶ ಮಾಡಿದೆ. ನಮ್ಮ ದೇಶದ ಹಾವಿನ ಮದ್ದು ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಪಡುವಣ ಕಾಡಿನ ಗುಳಿಮಂಡಲಗಳಿಗೆ ಅದು ತಯಾರಾದದ್ದಲ್ಲ. ಆ ಕಡೆಯವರಿಗೆ ಬೂಟು ಇನ್ನೂ ಹೆಚ್ಚು ಬೇಕು.

ಇಂಬಳಕ್ಕೆ ಬೇರೆ ಉಪಾಯ. ಹೆಣೆದ ಕಾಲುಚೀಲದ ತೂತಿನಿಂದ ಅದು ಬಾಯಿ ಹಾಕುತ್ತದೆ. ಒತ್ತಾಗಿ ನೇಯ್ದ ದಪ್ಪ ಅರಿವೆಯಲ್ಲಿ ಮೊಳಕಾಲಿನವರೆಗೆ ಚೀಲ ಹೊಲಿಸಿ, ಮೇಲೆ ಲಾಡಿ ಕಟ್ಟಿ, ಅದರ ಮೇಲೆ ಬೂಟು ಹಾಕಬೇಕು.

ಜತನ

ಗಂಬೂಟನ್ನು ನಿಲ್ಲಿಸಿ ಇಡಬಾರದು. ಚೇಳು, ಕಪ್ಪೆ, ಕಪ್ಪೆ ಬೆನ್ನು ಹತ್ತಿ ಹಾವು. ಕೊಟ್ಟಿಗೆ ಗೋಡೆಗೆ ಎರಡು ಗೂಟ ಬಡಿದು ತಲೆಕೆಳಗಾಗಿ ಸಿಗಿಸಿರಿ, ಒಳಗಿನ ಬೆವರೂ ಆರುತ್ತದೆ. ಹಾಕುವ ಮೊದಲು ನೆಲಕ್ಕೆ ಎರಡು ಸಲ ಬಡಿಯಿರಿ. ತೊಗಲಿನ ಬೂಟು ತೊಯ್ದರೆ ಒಲಿ ಮುಂದೆ, ಬಿಸಿಲಲ್ಲಿ ಇಡದೆ, ಒಳಗೆ ಹಳೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ಔಡಲೆಣ್ಣಿ ಸ್ವಲ್ಪ. ಹತ್ತಿಯ ಕಾಲುಚೀಲ ಎರಡು ಜೊತೆ ಇರಲಿ, ದಿನಾ ಬದಲಿಸಿರಿ.

ಸಕ್ಕರೆ ಕಾಯಿಲೆ ಇರುವವರು ಮನೆಯಂಗಳದಲ್ಲೂ ಬರಿಗಾಲು ಹಾಕಬಾರದು. ನಮ್ಮ ಊರಿನ ಹಿರಿಯರೊಬ್ಬರ ಬೂಟಿನಲ್ಲಿ ಶೇಂಗಾ ಸಿಪ್ಪಿಯಷ್ಟು ಹಳ್ಳು ಇತ್ತು. ಕಾಲು ಜೋಮು ಹಿಡಿದಿದ್ದರಿಂದ ದಿನವಿಡೀ ತಿಳಿಯಲಿಲ್ಲ. ಕಡೆಗೆ ಹೆಬ್ಬೆರಳು ತೆಗೆಯಬೇಕಾಯಿತು. ಇಂಥವರು ಹಾಕುವ ಮೊದಲು ಕೈ ಒಳಗೆ ಆಡಿಸಿ ನೋಡಬೇಕು, ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಅವರಿಗಂತಲೇ ಎಂಸಿಆರ್ ಅನ್ನೋ ಮೆತ್ತನ್ನ ರಬ್ಬರಿನ ಚಪ್ಪಲಿ ಇದೆ. ಮೊದಲು ವೆಲ್ಲೂರಿನಲ್ಲಿ ಕುಷ್ಠ ರೋಗಿಗಳ ಜೋಮು ಹಿಡಿದ ಕಾಲಿಗೆ ಮಾಡಿದ್ದು ಅದು. ಮುಳ್ಳು ಚುಚ್ಚಿದವರು, ಸಕ್ಕರೆ ಇರಲಿ ಬಿಡಲಿ, ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ನೆನಪಿಟ್ಟಿರಬೇಕು.

ಭೂತಾಯಿ ಮೇಲೆ ಜೋಡು ಮೆಟ್ಟಬಾರದು ಅನ್ನುವ ಹಿರಿಯರಿದ್ದಾರೆ. ನಾನೂ ಶೀಗಿ ಹುಣ್ಣಿವಿಗೆ ಚರಗ ಚೆಲ್ಲುವಾಗ ಬರಿಗಾಲಲ್ಲೇ ಇಳಿಯುತ್ತೇನೆ, ಕಣದಲ್ಲಿ ರಾಶಿ ಪೂಜೆಗೂ ಹಾಗೇ. ಆ ದಿವಸ ಆ ದಿವಸಕ್ಕೆ, ಕೂಳೆ ಕೀಳುವ ದಿವಸ ಬೂಟು. ನಮ್ಮವ್ವ ಇದಕ್ಕೆ ಏನೂ ಅನ್ನಲಿಲ್ಲ.

ಹೆಣ್ಮಕ್ಕಳ ಅಳತೆ

ಕಸ ತೆಗೆಯುವವರು, ಕೊಯ್ಯುವವರು, ಹತ್ತಿ ಬಿಡಿಸುವವರು ಹೆಚ್ಚು ಪಾಲು ಹೆಣ್ಮಕ್ಕಳು. ಗಂಬೂಟು ಮಾತ್ರ ನಾನು ಕೇಳಿದ ಅಂಗಡಿಗಳಲ್ಲಿ 6 ನಂಬರಿನಿಂದಲೇ ಶುರು. "ಒಳಗ ಎರಡು ಕಾಲುಚೀಲ ಹಾಕ್ಕೋರಿ ಅಕ್ಕಾರ" ಅಂತ ಅಂಗಡಿಯವ ಹೇಳ್ತಾನೆ. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಮೇಲೆ ಕೆಳಗೆ ಆಡಿ ಬೊಬ್ಬೆ ಬರ್ತಾವೆ, ಎಡವಿ ಬೀಳ್ತಾರೆ. ನನ್ನ ಹೆಂಡತಿ ಸದ್ಯಕ್ಕೆ ತಾನೇ ಒಂದು ದಾರಿ ಮಾಡಿಕೊಂಡಿದ್ದಾಳೆ. ಸಾಲಿ ಹುಡುಗರ 4 ನಂಬರಿನ ದಪ್ಪ ಕ್ಯಾನ್ವಾಸ್ ಬೂಟು, ಸುತ್ತ ಹೊಲಿಸಿದ್ದು. ಅದರ ಮೇಲೆ ಹಳೆಯ ಕ್ಯಾನ್ವಾಸ್ ತಾಡಪತ್ರಿಯನ್ನು ಎರಡು ಪದರು ಮಾಡಿ, ಕಣಕಾಲಿನಿಂದ ಮೊಳಕಾಲಿನವರೆಗೆ ಪಟ್ಟಿ. ಊರಿನ ಸಿಂಪಿಗರು ಒಂದು ಬದಿಗೆ ಮೂರು ಲಾಡಿ ಹಚ್ಚಿ ಕೊಟ್ಟರು. ಕಚ್ಚಿ ಹಾಕಿ ಸೀರಿ ಉಟ್ಟಾಗ ಇದು ಚೊಲೋ ಕೂಡುತ್ತದೆ. ಎರಡು ಹಂಗಾಮು ಆಯಿತು, ಕೂಳೆ ಗಾಯ ಆಗಿಲ್ಲ. ಹಸಿ ಕೆಲಸಕ್ಕೆ ಮಾತ್ರ ಇದು ನಡೆಯೂದಿಲ್ಲ, ನೀರು ಹೀರಿ ಭಾರ ಆಗ್ತದೆ.

ಅವಳ ಪಾದದ ಉದ್ದ ಸಂಜೆ ಅಳತೆಗೆ 23 ಸೆಂಟಿಮೀಟರ್. ಅಷ್ಟು ಅಳತೆಯ, ಮೊಳಕಾಲು ಮಟ್ಟದ ಗಂಬೂಟು ಹುಬ್ಬಳ್ಳಿ, ಕೊಲ್ಹಾಪುರ, ಗೋವಾ ಕಡೆ ಯಾರಾದರೂ ಕಂಡಿದ್ದರೆ ಅಂಗಡಿಯ ಹೆಸರು, ದರ ಬರೆದು ಪತ್ರಿಕೆಗೆ ಕಳಿಸಿರಿ. ನಮ್ಮ ಓಣಿಯೊಂದರಲ್ಲೇ ಹನ್ನೊಂದು ಜೋಡಿಗೆ ಗಿರಾಕಿ ಇದ್ದಾರೆ.